ಬೀಗ ಬಿದ್ದ ಹನ್ನೊಂದು ಮನೆ

ಜನವರಿ 19, ಭಾನುವಾರ, ಕೊಟ್ಟೂರು

ಸಮೀಕ್ಷೆಯ ನಮೂನೆಗಳ ಕೊನೆಯ ಕಟ್ಟಿಗೆ ಇವತ್ತು ದಾರ ಬಿಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೇರಿ ನಾಲ್ಕುನೂರು ಮನೆಗಳ ಅಧ್ಯಯನ. ಕೂಡ್ಲಿಗಿ ತಾಲ್ಲೂಕಿನ ಎಂಬತ್ತು ಮನೆ ನನ್ನ ಪಾಲಿಗೆ ಬಂದಿದ್ದವು. ಒಂದು ಜೊತೆ ಚಪ್ಪಲಿ ಸವೆಯಿತು, ಇನ್ನೊಂದಕ್ಕೆ ಹೊಲಿಗೆ ಬಿತ್ತು. "ನಿನಗ ವರ ಹುಡುಕಾಕೂ ನಾನು ಇಷ್ಟು ಊರು ತಿರುಗಿಲ್ಲ" ಎಂದು ಅಮ್ಮ ನಕ್ಕಳು.

ಕೆಲಸ ಹೇಳಿಕೊಳ್ಳಲು ಸುಲಭ. ಬಡವರಿಗೆಂದು ಕೊಟ್ಟಿರುವ ಆರೋಗ್ಯ ವಿಮೆಯ ಕಾರ್ಡು ಕಷ್ಟಕ್ಕೆ ಒದಗುತ್ತದೋ ಇಲ್ಲವೋ ಎಂದು ಮನೆಮನೆಗೆ ಹೋಗಿ ಕೇಳುವುದು. ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕೆಂದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ 'ಇದು ನಮ್ಮಲ್ಲಿ ಆಗದು' ಎಂಬ ಪತ್ರ ತರಬೇಕು. ಜಗಳವೆಲ್ಲ ಆ ಪತ್ರದ್ದೇ. ಪತ್ರಕ್ಕಾಗಿ ಅಲೆದು ಅಲೆದು ರೋಗ ಬಲಿಯುತ್ತದೆ, ಆ ನಿಯಮ ತೆಗೆಯಿರಿ ಎಂದು ಒಂದು ಗುಂಪು. ತೆಗೆದರೆ ಸರ್ಕಾರದ ಹಣವೆಲ್ಲ ಖಾಸಗಿಯವರ ಪಾಲಾಗುತ್ತದೆ, ತಾಲ್ಲೂಕು ಆಸ್ಪತ್ರೆಗಳು ಪಾಳು ಬೀಳುತ್ತವೆ ಎಂದು ಇನ್ನೊಂದು. ಇಬ್ಬರ ಮಾತು ಕೇಳಿದಾಗಲೂ ನಾನು ತಲೆಯಾಡಿಸಿದ್ದೇನೆ. ನಮ್ಮ ಲೆಕ್ಕ ನೋಡಿ ನಿಯಮ ಇರಬೇಕೋ ಬೇಡವೋ ಎಂದು ಮೇಲಿನವರು ಯೋಚಿಸುತ್ತಾರಂತೆ.

ಯಾವ ಮನೆಗೆ ಹೋಗಬೇಕೆಂಬುದನ್ನು ಚೀಟಿ ಎತ್ತಿ ಮೊದಲೇ ಆರಿಸಿರುತ್ತಾರೆ. ಮನೆಗೆ ಬೀಗ ಇದ್ದರೆ ಬೇರೆ ಬೇರೆ ದಿನ ಮೂರು ಸಲ ಹೋಗಬೇಕು. ಮೂರನೆಯ ಸಲವೂ ಬೀಗವಿದ್ದರೆ 'ಬೀಗ' ಎಂದು ಬರೆದು ಬಲಗಡೆಯ ಮನೆಯನ್ನು ತೆಗೆದುಕೊಳ್ಳಬಹುದು. ಗುಡೇಕೋಟೆ, ಹೊಸಹಳ್ಳಿ ಕಡೆ ಒಟ್ಟು ಹನ್ನೊಂದು ಮನೆಗೆ ಬೀಗವಿತ್ತು. ಹನ್ನೊಂದಕ್ಕೂ ನಾನು ಹೋದದ್ದು ಒಂದೊಂದು ಸಲ. ಉಳಿದೆರಡು ಭೇಟಿಯ ತಾರೀಕನ್ನು ಇಲ್ಲೇ ನಮ್ಮ ಪಡಸಾಲೆಯಲ್ಲಿ ಕೂತು ತುಂಬಿದೆ. ಬಸ್ಸುಗಳ ಕಥೆ ಗೊತ್ತಿದ್ದವರು ಯಾರೂ ನನ್ನನ್ನು ಬೈಯಲಾರರು. ಜನ ಎಲ್ಲಿಗೆ ಹೋಗಿದ್ದರೋ ಯಾರಿಗೆ ಗೊತ್ತು. ಮನೆಗೆ ಬದಲು ಮನೆ ಸಿಕ್ಕಿತಲ್ಲ, ಎಂಬತ್ತಕ್ಕೆ ಎಂಬತ್ತು ಸರಿಹೋಯಿತು. ಎಲ್ಲರೂ ಹೀಗೇ ಮಾಡುತ್ತಾರೆ.

ಬರೆಯುವ ಅಗತ್ಯವೇನಿತ್ತೋ ಕಾಣೆ. ಬರೆದೆ.

ಫೆಬ್ರವರಿ 4, ಮಂಗಳವಾರ

ಯಶೋಧಾ ಮೇಡಂ ಫೋನ್ ಮಾಡಿದ್ದರು. ಅಧ್ಯಯನದ ಮುಖ್ಯಸ್ಥೆ ಅವರೇ. ಹುಟ್ಟಿದ್ದು ಹರಪನಹಳ್ಳಿ, ಈಗ ಬೆಂಗಳೂರಿನ ಸಂಸ್ಥೆಯಲ್ಲಿದ್ದಾರೆ, ಮಾತು ಇನ್ನೂ ಊರಿನದೇ. "ಐದು ತಾಲ್ಲೂಕಲ್ಲಿ ನಿನ್ನ ನಮೂನೇನೇ ಬಾಳ ಚೊಕ್ಕ ಐತೆ ನೋಡಮ್ಮ" ಅಂದರು. ಮುಂದಿನ ಹಂತ ಮೂರು ವರ್ಷದ್ದು, ಅದಕ್ಕೂ ನನ್ನನ್ನೇ ತೆಗೆದುಕೊಳ್ಳುತ್ತಾರಂತೆ.

ಅಮ್ಮನಿಗೆ ಹೇಳಿದೆ. ಅಂಗನವಾಡಿಯಿಂದ ಬಂದವಳು ಸೀರೆ ಕೂಡ ಬದಲಿಸದೆ ಶ್ಯಾವಿಗೆ ಪಾಯಸಕ್ಕಿಟ್ಟಳು. ಗೋಡೆಯ ಮೇಲಿನ ಬಾಬಾಸಾಹೇಬರ ಪಟಕ್ಕೂ ಅಪ್ಪನ ಪಟಕ್ಕೂ ಹೊಸ ಹಾರ ಬಿತ್ತು. ಖುಷಿಯಾಯಿತು. ಒಂದೇ ಬಟ್ಟಲು ತಿಂದೆ, ಯಾಕೋ ಸೇರಲಿಲ್ಲ.

ಫೆಬ್ರವರಿ 20, ಗುರುವಾರ

ಕೂಡ್ಲಿಗಿಯಲ್ಲಿ ಸಮಾಲೋಚನಾ ಸಭೆ. ವರದಿ ಅಂತಿಮವಾಗುವ ಮೊದಲು ಜನರ ಮುಂದಿಡಬೇಕೆಂದು ಮೇಡಂ ಹಟ ಹಿಡಿದು ಮಾಡಿಸಿದ್ದರು. ಅಧಿಕಾರಿಗಳು, ಡಾಕ್ಟರುಗಳು, ಸ್ತ್ರೀಶಕ್ತಿ ಸಂಘದವರು, ಆಶಾ ಕಾರ್ಯಕರ್ತೆಯರು ಸೇರಿ ಅರವತ್ತು ಜನ ಇದ್ದರು. ಉಪ್ಪಿಟ್ಟು ಚೆನ್ನಾಗಿತ್ತು.

ಪರದೆಯ ಮೇಲೆ ನನ್ನ ಎಂಬತ್ತು ಮನೆಗಳು ಒಂದು ಸಾಲಾಗಿ ಬಂದವು. ಪತ್ರ ಸಿಗದೆ ಚಿಕಿತ್ಸೆ ತಪ್ಪಿದವು: ಎಂಬತ್ತರಲ್ಲಿ ಎರಡು.

"ಎಂಬತ್ತಕ್ಕೆ ಎರಡು ಅಂದ್ರೆ ನಿಯಮ ಚೆನ್ನಾಗೇ ನಡೀತಿದೆ ಅಂತಲೇ ಅರ್ಥ" ಎಂದರು ಅಧಿಕಾರಿಯೊಬ್ಬರು. ನಿವೃತ್ತ ಡಾಕ್ಟರು ಗಾದೆಪ್ಪನವರು ಎದ್ದು, "ನಿಯಮ ಇರ್ಲಿ ಬಿಡ್ರಿ ಸಾಹೇಬ್ರ. ಆ ಪತ್ರ ಬರಿಯಾಕ ಒಬ್ಬ ಡಾಕ್ಟರನ್ನ ಕೊಡ್ರಿ ಮೊದ್ಲು. ಖುರ್ಚಿ ಐತಿ, ಕೂಡವ್ರಿಲ್ಲ" ಎಂದರು. ಜನ ನಕ್ಕರು, ನಾನೂ ನಕ್ಕೆ.

ಆಗ ಹಿಂದಿನ ಸಾಲಿನಿಂದ ಗುಡೇಕೋಟೆಯ ಆಶಾ ಕಾರ್ಯಕರ್ತೆ ಅಂಜಿನಿ ಎದ್ದಳು. "ನಮ್ಮೂರಾಗ ಹುಲುಗಣ್ಣ ಅಂತ ಅದಾನ್ರಿ, ಆಡು ಮೇಸ್ತಾನ. ಶುಗರ್ ಆಗಿ ಕಾಲಾಗ ಹುಣ್ಣಾಗೈತಿ. ಪತ್ರ ಇಲ್ಲ ಅಂತ ಎಲ್ಡು ಸಲ ಹಿಂದಕ್ಕ ಕಳಿಸ್ಯಾರ. ನಿಮ್ಮ ಎಲ್ಡರಾಗ ಅವನು ಅದಾನೇನ್ರಿ?"

ಮೇಡಂ ನನ್ನ ಕಡೆ ತಿರುಗಿದರು. "ಸಂಘಮಿತ್ರಾ, ಪಟ್ಟೀಲಿ ಐತಾ ನೋಡಮ್ಮ."

ಪಟ್ಟಿಯಲ್ಲಿತ್ತು. ಕ್ರಮಸಂಖ್ಯೆ ಮೂವತ್ತೊಂದು. ಮುಂದೆ ನನ್ನದೇ ಅಕ್ಷರದಲ್ಲಿ 'ಬೀಗ'.

"ಮೂರು ಸಲ ಹೋಗಿದ್ದೆ ಮೇಡಂ" ಅಂದೆ. "ಮೂರು ಸಲಾನೂ ಬೀಗ ಹಾಕಿತ್ತು."

ಅರವತ್ತು ಜನರ ಮುಂದೆ ಹೇಳಿದೆ. ದನಿ ನಡುಗಲಿಲ್ಲ. "ಮನೇಲಿ ಇರದಿದ್ರೆ ಇವರಾದ್ರೂ ಏನು ಮಾಡ್ತಾರೆ ಪಾಪ" ಎಂದರು ಅಧಿಕಾರಿ. ಅಂಜಿನಿ, "ಹೌದೇನ್ರಿ, ಮೂರು ಸಲ ಬಂದಿದ್ರ್ಯಾ? ಆ ಜಂಬಕ್ಕಗ ಹೇಳ್ತೀನಿ ತಡೀರಿ" ಎಂದು ಕೂತಳು. ಜಂಬಕ್ಕ ಎಂದರೆ ಹುಲುಗಣ್ಣನ ಹೆಂಡತಿ.

ನಾವು ಮಾತಾಡಿಸಿದ ಮನೆಯಲ್ಲಿ ಯಾರಾದರೂ ಹೀಗೆ ಸಿಕ್ಕಿಹಾಕಿಕೊಂಡಿದ್ದರೆ ಬರೀ ಪ್ರಶ್ನೆ ಕೇಳಿ ಎದ್ದು ಬರುವಂತಿಲ್ಲ. ಸಹಾಯ ಚೀಟಿ ಕೊಡಬೇಕು. ಅದರಲ್ಲಿರುವ ನಂಬರಿಗೆ ಫೋನ್ ಮಾಡಿದರೆ ಸಂಸ್ಥೆಯವರೇ ನಿಂತು ಪತ್ರದ ವ್ಯವಸ್ಥೆ ಮಾಡಿಸುತ್ತಾರೆ. ಸಭೆ ಮುಗಿದ ಮೇಲೆ ಮೇಡಂ ಒಂದು ಚೀಟಿ ನನ್ನ ಕೈಗೆ ಕೊಟ್ಟು, "ಆ ಮನೆಗೆ ನಾಳೇನೇ ಮುಟ್ಟಿಸಮ್ಮ" ಎಂದರು. ಅಂಜಿನಿಗೆ ಕೊಟ್ಟು ಕಳಿಸೋಣವೆಂದು ಹುಡುಕಿದೆ. ಬಸ್ಸಿಗೆ ಹೊರಟುಹೋಗಿದ್ದಳು.

ಫೆಬ್ರವರಿ 21, ಶುಕ್ರವಾರ

ಹೋಗಲಿಲ್ಲ. ತಲೆನೋವು.

ಫೆಬ್ರವರಿ 24, ಸೋಮವಾರ

ಹೋಗಲಿಲ್ಲ. ಕೂಡ್ಲಿಗಿತನಕ ಹೋಗಿ ಗುಡೇಕೋಟೆ ಬಸ್ಸು ತಪ್ಪಿಸಿಕೊಂಡೆ. ಬಸ್ಸು ಎದುರಿಗೇ ನಿಂತಿತ್ತು. ನಾನು ಕಬ್ಬಿನ ಹಾಲು ಕುಡಿಯುತ್ತಿದ್ದೆ.

ಫೆಬ್ರವರಿ 27, ಗುರುವಾರ

ಅವರ ಮನೆಯವರು 'ಯಾವತ್ತು ಬಂದಿದ್ರಿ' ಎಂದು ತಾರೀಕು ಕೇಳಿದರೆ? ನಮೂನೆಯಲ್ಲಿ ಬರೆದ ತಾರೀಕು ಬಾಯಿಪಾಠ ಮಾಡಿಕೊಂಡೆ. ಜನವರಿ ಎಂಟು, ಹನ್ನೊಂದು, ಹದಿನಾಲ್ಕು.

ಮಾರ್ಚ್ 2, ಭಾನುವಾರ

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಬುದ್ಧವಂದನೆ. ಅಮ್ಮ ಮೇಣದ ಬತ್ತಿ ಹಚ್ಚಿ ಒಂದೊಂದೇ ಶೀಲ ಹೇಳುತ್ತಾಳೆ, ನಾನು ಅನ್ನಬೇಕು. ಅಪ್ಪ ಇದ್ದಾಗಿನಿಂದ ತಪ್ಪಿಸಿದ್ದಿಲ್ಲ. ಮೊದಲ ಮೂರು ಹೇಳಿದೆ. ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬುದು. ಬಾಯಿ ಬರಲಿಲ್ಲ. ಅಮ್ಮ ಒಮ್ಮೆ ನೋಡಿ, ಕಾದು, ಐದನೆಯದಕ್ಕೆ ಹೋದಳು. ನಾನು ಚೀಟಿ ತೆಗೆದುಕೊಂಡು ಗುಡೇಕೋಟೆಗೆ ಹೋದೆ.

ಜಂಬಕ್ಕ ಬಾಗಿಲಲ್ಲೇ ಇದ್ದಳು. ನಲವತ್ತೈದು ಇರಬಹುದು, ಬಡಕಲು ಮೈ. ನನ್ನ ಕೊರಳ ಗುರುತಿನ ಚೀಟಿ ಕಂಡದ್ದೇ ತಡ, ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ನೀನೇನವ್ವ ಮೂರು ಸಲ ಬಂದಾಕಿ? ಅಂಜಿನಿ ಹೇಳಿದ್ಲು. ತಪ್ಪಾತವ್ವ, ನಂದು ತಪ್ಪಾತು. ಇಂಥ ಬಿಸಲಾಗ ಬಂದು ಬಂದು ಬೀಗ ನೋಡಿ ಹೋಗಿದ್ದಿ. ಎಷ್ಟು ಬೈಕೊಂಡ್ಯೋ ನನ್ನ."

ನನ್ನಿಂದ ಬೈಗುಳ ತಿನ್ನಬೇಕಾದವಳಂತೆ ನಿಂತಿದ್ದಳು. ಕೂಡಿಸಿದಳು. ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ಬೇಡವೆಂದರೆ ಬಿಡಲಿಲ್ಲ. ನಾನು ತಿಂದೆ. ಆ ಮನೆಯಲ್ಲಿ ಕೂತು ತಿಂದೆನೆಂದು ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ.

ಹುಲುಗಣ್ಣ ಒಳಗೆ ಹೊರಸಿನ ಮೇಲೆ ಮಲಗಿದ್ದ. ಬಲಗಾಲಿನ ಬೆರಳು ಮೂರು ಕಪ್ಪಾಗಿದ್ದವು, ಮೇಲೆ ಪಾದದತನಕ ಬಾವು. ಆ ವಾಸನೆ ನನ್ನ ದುಪಟ್ಟಾದಲ್ಲಿ ಈಗಲೂ ಇದೆ. ಜನವರಿಯಲ್ಲಿ ಒಂದೇ ಬೆರಳಿಗಿತ್ತಂತೆ. ಖಾಸಗಿ ಆಸ್ಪತ್ರೆಯವರು ಪತ್ರ ತಾ ಎಂದರು, ಪತ್ರಕ್ಕೆ ಹೋದರೆ ಬರೆಯುವ ಡಾಕ್ಟರ ಜಾಗ ಖಾಲಿ.

"ಜನವರಿ ಎಂಟಕ್ಕ ಮೊದಲನೇ ಸಲ ಹೋಗಿದ್ವಿ. ಸಂಜಿ ಬಸ್ಸಿಗೆ ವಾಪಸ್ ಬಂದ್ವಿ" ಎಂದಳು ಜಂಬಕ್ಕ.

ನಾನು ನಿಜವಾಗಿ ಬಂದಿದ್ದ ಒಂದೇ ದಿನ ಅದು. ಆ ಸಂಜೆಯ ಬಸ್ಸು ನೆನಪಿಗೆ ಬಂತು. ಕೂಡ್ಲಿಗಿಯಿಂದ ಬಂದ ಬಸ್ಸೇ ತಿರುಗಿ ಹೋಗುತ್ತದೆ. ಇಳಿಯುವವರು ಇಳಿಯುವ ಮೊದಲೇ ಸೀಟು ಹಿಡಿಯಲೆಂದು ನಾನು ಬಾಗಿಲಿಗೆ ನುಗ್ಗಿದ್ದೆ. ಕಾಲಿಗೆ ಬಟ್ಟೆ ಸುತ್ತಿಕೊಂಡವನೊಬ್ಬ ಕಂಬಿ ಹಿಡಿದು ಮೆಲ್ಲಗೆ ಇಳಿಯುತ್ತಿದ್ದ. "ಬೇಗ ಇಳೀರಿ ಯಜಮಾನ್ರೇ" ಎಂದಿದ್ದೆ ನಾನು.

ಹೇಳಬೇಕೆಂದು ಬಾಯಿ ತೆರೆದೆ. ಚೀಟಿ ಕೊಟ್ಟು, ಅಲ್ಲಿಂದಲೇ ಆ ನಂಬರಿಗೆ ಫೋನ್ ಮಾಡಿಸಿ, ಎದ್ದು ಬಂದೆ. ಬೀದಿಯ ಕೊನೆತನಕ ಬಂದು ಕಳಿಸಿದಳು.

ಮಾರ್ಚ್ 5, ಬುಧವಾರ

ಪತ್ರ ಸಿಕ್ಕಿತು. ಬರೀ ಮೂರು ದಿನದಲ್ಲಿ. ಹುಲುಗಣ್ಣನನ್ನು ಆಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ, ಕಾರ್ಡು ನಡೆಯುತ್ತದೆಯಂತೆ. ಅಂಜಿನಿ ಫೋನಿನಲ್ಲಿ "ದೇವ್ರು ಬಂದಂಗ ಬಂದ್ರಿ ಮೇಡಂ" ಎಂದಳು. ಫೋನ್ ಇಟ್ಟುಬಿಟ್ಟೆ.

ಮಾರ್ಚ್ 11, ಮಂಗಳವಾರ

ನಿನ್ನೆ ಹುಲುಗಣ್ಣನ ಕಾಲು ಮೊಣಕಾಲಿನ ಕೆಳಗೆ ತೆಗೆದರು. ಎಂಟು ದಿನ ಮೊದಲು ತಂದಿದ್ದರೂ ಬೆರಳಿಗೇ ಮುಗಿಯುತ್ತಿತ್ತು ಎಂದರಂತೆ ಡಾಕ್ಟರು.

ಎಂಟು ದಿನ. ಸಭೆಯ ಮರುದಿನ ಹೋಗಿದ್ದರೆ ಸಾಕಿತ್ತು. ಮೂರು ಸಲ ಹೋಗುವ ಮಾತು ಹಾಗಿರಲಿ.

ಮಾರ್ಚ್ 13, ಗುರುವಾರ

ಜನವರಿ ಹತ್ತೊಂಬತ್ತರಂದು ಇದೇ ಪುಸ್ತಕದಲ್ಲಿ 'ಎಲ್ಲಿಗೆ ಹೋಗಿದ್ದರೋ ಯಾರಿಗೆ ಗೊತ್ತು' ಎಂದು ಬರೆದಿದ್ದೇನೆ. ಸುಳ್ಳು. ನನಗೆ ಗೊತ್ತಿತ್ತು. ಹುಲುಗಣ್ಣನ ಬಲಗಡೆ ಮನೆಯ ಬಸಲಿಂಗಮ್ಮ ಮಜ್ಜಿಗೆ ಕೊಡುತ್ತಾ ಹೇಳಿದ್ದಳು: "ದವಾಖಾನಿಗೆ ಹೋಗ್ಯಾರ, ಸಂಜಿ ಬಸ್ಸಿಗೆ ಬರ್ತಾರ, ಕೂಡು." ಆಸ್ಪತ್ರೆಗೆ ಹೋದವರ ಮನೆಯನ್ನು ಬಿಟ್ಟು, ಗಟ್ಟಿಮುಟ್ಟಾಗಿರುವ ಬಸಲಿಂಗಮ್ಮನ ಮನೆಯಲ್ಲಿ ಕೂತು 'ತೊಂದರೆ ಇಲ್ಲ' ಎಂದು ಬರೆದುಕೊಂಡೆ. ಯಾರೂ ಓದದ ಪುಸ್ತಕದಲ್ಲೂ ಇದನ್ನು ಮುಚ್ಚಿಟ್ಟಿದ್ದೆ.

ಇವತ್ತು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಾನೂ ಬರದೀನಿ ಲೇ" ಎಂದಳು ಕೊನೆಗೆ. "ತಕ್ಕಡಿ ಕೆಟ್ಟಾಗ, ತೂಗದ ಹುಡುಗ್ರ ತೂಕ ಬರದು ಕಳಿಸೀನಿ. ಹುಡುಗ್ರು ಗಟ್ಟಿ ಇದ್ವು, ನನ್ನ ಪುಣ್ಯ. ನಿನಗ ಆ ಪುಣ್ಯ ಇಲ್ಲವ್ವ."

ಸಮಾಧಾನ ಹೇಳುತ್ತಾಳೆಂದುಕೊಂಡಿದ್ದೆ.

"ಕೆಲಸ ಹೋದ್ರ ನನ್ನ ಸಂಬಳ ಐತಿ" ಎಂದಳು ಮತ್ತೆ, ಬೀಜ ಗೋರಿಕೊಂಡು ಎದ್ದು ಹೋಗುತ್ತಾ.

ಮಾರ್ಚ್ 15, ಶನಿವಾರ

ಮೇಡಂಗೆ ಫೋನ್ ಮಾಡಿ ಹೇಳಿದೆ. ಬರೆದಿಟ್ಟುಕೊಂಡು ಓದಿದ ಹಾಗೆ ಹೇಳಿದೆ.

"ಹನ್ನೊಂದೂ?"

"ಹನ್ನೊಂದೂ ಮೇಡಂ."

ಮೇಡಂ ಬೈಯಲಿಲ್ಲ, ಅವರ ದನಿ ದಣಿದಿತ್ತು. "ಬೀಗ ಹಾಕಿದ ಮನೆಗೆ ಮೂರು ಸಲ ಯಾಕೆ ಹೋಗ್ಬೇಕು ಅಂತ ತರಬೇತೀಲಿ ಹೇಳಿದ್ದೆ ನೆನಪೈತಾ? ಕಾಯಿಲೆ ಇದ್ದೋರ ಮನೆಗೇ ಬೀಗ ಜಾಸ್ತಿ ಇರತೈತೆ. ಅವರನ್ನ ಬಿಟ್ಟು ಎಣಿಸಿದ್ರೆ ಊರೆಲ್ಲ ಆರೋಗ್ಯವಾಗೇ ಕಾಣತೈತೆ. ಅವತ್ತು ಅಷ್ಟು ಜನದ ಮುಂದೆ 'ಎರಡೇ' ಅಂದೆನಲ್ಲಮ್ಮ, ನಿನ್ನ ನಂಬಿ ಅಂದೆ."

ನೆನಪಿತ್ತು. ಟಿಪ್ಪಣಿ ಕೂಡ ಮಾಡಿಕೊಂಡಿದ್ದೆ.

ವರದಿ ತಡೆಹಿಡಿದು, ಹನ್ನೊಂದು ಮನೆಗೂ ಬೇರೆಯವರನ್ನು ಕಳಿಸುತ್ತಾರಂತೆ. ನನ್ನನ್ನು ಮುಂದುವರಿಸಲಾಗದು ಎಂದರು. ಸರಿ ಮೇಡಂ ಎಂದೆ. ಅತ್ತೆ. ಹಗುರವೂ ಆಯಿತು. ಇಲ್ಲಿಗೆ ಮುಗಿಯಿತು ಅನ್ನಿಸಿತು.

ಮಾರ್ಚ್ 26, ಬುಧವಾರ

ಹನ್ನೊಂದು ಮನೆಗೆ ಹುಲುಗೇಶ್ ಎಂಬ ಹೊಸ ಹುಡುಗ ಹೋಗಿಬಂದ. ಆರು ಮನೆಯವರು ಕೂಲಿಗೋ ನೆಂಟರ ಮನೆಗೋ ಹೋಗಿದ್ದವರು. ಐದು ಮನೆಗೆ ಬೀಗ ಬಿದ್ದದ್ದು ಆಸ್ಪತ್ರೆಯ ಅಲೆದಾಟಕ್ಕೆ, ಅದರಲ್ಲಿ ನಾಲ್ವರು ಪತ್ರವಿಲ್ಲದೆ ತಿರುಗಿ ಬಂದವರು. ಎಂಬತ್ತರಲ್ಲಿ ಎರಡು ಇದ್ದದ್ದು ಆರಾಯಿತು. ಆರನ್ನು ನೋಡಿ ನಿಯಮ ತೆಗೆಯಿರಿ ಎನ್ನುವವರೂ, ಡಾಕ್ಟರನ್ನು ಕೊಡಿ ಎನ್ನುವ ಗಾದೆಪ್ಪನವರೂ ಒಟ್ಟಿಗೇ ಜೋರಾಗಿದ್ದಾರೆಂದು ಮೇಡಂ ಸಂದೇಶ ಕಳಿಸಿದ್ದರು. ಮುಂದಿನ ಸಭೆಯಲ್ಲಿ ಏನಾಗುತ್ತದೋ.

ಜೊತೆಗೆ ಜಂಬಕ್ಕನ ಮನೆಯ ನಮೂನೆಯ ಕೊನೆಯ ಪುಟದ ಚಿತ್ರವೂ ಇತ್ತು. 'ಇದನ್ನು ನೀನು ಓದಬೇಕು' ಎಂದಷ್ಟೇ ಬರೆದಿದ್ದರು. ಮನೆಯವರ ಹೇಳಿಕೆ ಎಂಬಲ್ಲಿ ಹುಲುಗೇಶ್ ಬರೆದುಕೊಂಡದ್ದು: "ಸಮೀಕ್ಷೆಯ ಮೇಡಂ ಮೂರು ಸಲ ಬಂದಿದ್ದರು. ನಾನೇ ಬೀಗ ಹಾಕಿಕೊಂಡು ಹೋಗಿದ್ದೆ. ಕಾಲು ಹೋಗಿದ್ದು ನನ್ನಿಂದ."

ಹನ್ನೊಂದು ದಿನದಿಂದ ನಾನು ಹಗುರಾಗಿ ಓಡಾಡುತ್ತಿದ್ದೆ. ಹೇಳಬೇಕಾದವಳಿಗೆ ಹೇಳಿಯೇ ಇರಲಿಲ್ಲ.

ಮಾರ್ಚ್ 28, ಶುಕ್ರವಾರ

ಬೆಳಗಿನ ಬಸ್ಸಿಗೆ ಹೋದೆ. ಕೊರಳಲ್ಲಿ ಗುರುತಿನ ಚೀಟಿ ಇರಲಿಲ್ಲ.

ಜಂಬಕ್ಕ ಅಂಗಳದಲ್ಲಿ ಸಜ್ಜೆ ಕೇರುತ್ತಿದ್ದಳು. "ಬಾರವ್ವ" ಎಂದು ಮೊರ ಇಟ್ಟಳು. ಕೂತರೆ ಮತ್ತೆ ರೊಟ್ಟಿ ಬರುತ್ತದೆಂದು ನಿಂತುಕೊಂಡೇ ಹೇಳಿದೆ.

"ಜಂಬಕ್ಕ, ನಾನು ಮೂರು ಸಲ ಬಂದಿಲ್ಲ. ಒಂದೇ ಸಲ ಬಂದೀನಿ. ಉಳಿದದ್ದು ಮನ್ಯಾಗ ಕುಂತು ಬರದೀನಿ. ಕೂಡ್ಲಿಗ್ಯಾಗ ಎಲ್ಲಾರ ಮುಂದ ಸುಳ್ಳು ಹೇಳೀನಿ."

ಅವಳಿಗೆ ತಿಳಿಯಲಿಲ್ಲ. ಎರಡನೆಯ ಸಲ ಹೇಳಿದೆ.

"ಒಂದ ಸಲಾನ?"

"ಒಂದ ಸಲ. ನೀವು ದವಾಖಾನಿಗೆ ಹೋದ ದಿನ."

"ಬಸಲಿಂಗಮ್ಮ ಹೇಳ್ಲಿಲ್ಲೇನು, ಸಂಜಿಗೆ ಬರ್ತಾರಂತ?"

"ಹೇಳಿದ್ಲು. ನಾ ನಿಲ್ಲಲಿಲ್ಲ. ಚೀಟಿನೂ ಹತ್ತು ದಿನ ನನ್ನ ಚೀಲದಾಗ ಇಟ್ಕೊಂಡಿದ್ದೆ, ನಿಮ್ಮ ಮಾರಿ ನೋಡಾಕ ಅಂಜಿ."

ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಮೊರದ ಅಂಚು ಹಿಡಿದುಕೊಂಡೇ ಕೂತಿದ್ದಳು. ಬಸಲಿಂಗಮ್ಮನ ಕೋಳಿಗಳು ಬಂದು ಸಜ್ಜೆಗೆ ಬಾಯಿ ಹಾಕಿದರೂ ಓಡಿಸಲಿಲ್ಲ.

"ಹಂಗಾರ" ಎಂದಳು, "ನಾನು ಬೀಗ ಹಾಕಿದ್ದಕ್ಕ ಅಲ್ಲ."

"ಅಲ್ಲ ಜಂಬಕ್ಕ."

"ನನ್ನಿಂದ ಅಲ್ಲ."

"ನಿಮ್ಮಿಂದ ಅಲ್ಲ. ನನ್ನಿಂದ."

ತಟ್ಟನೆ ಎದ್ದು ನನ್ನ ಮುಂಗೈ ಹಿಡಿದಳು. ಮೊದಲ ಸಲ ಹಿಡಿದ ಹಾಗಲ್ಲ, ಬಳೆ ಒತ್ತಿ ನೋಯುವಷ್ಟು. "ಒಳಗ ಬಾ. ಅವನ ಮುಂದ ಹೇಳು. ಹದಿನೈದು ದಿನಾತು ನನಕೂಡ ಮಾತಾಡಿಲ್ಲ ಅಂವ. ಮೂರು ಸಲ ಬಾಗ್ಲಿಗೆ ಬಂದಾಕಿನ್ನ ಹಿಂದಕ್ಕ ಕಳಿಸಿದಿ, ನನ್ನ ಕಾಲು ನುಂಗಿದಿ ಅಂದ. ಅಷ್ಟ. ಆಮ್ಯಾಲ ಬಾಯಿ ಬಿಟ್ಟಿಲ್ಲ. ನಾ ಇಟ್ಟ ತಾಟು ಮುಟ್ಟಂಗಿಲ್ಲ. ಬಸಲಿಂಗಮ್ಮ ಬಂದು ಉಣ್ಣಾಕ ಇಕ್ಕತಾಳ. ಬಾ, ಹೇಳು."

ಹುಲುಗಣ್ಣ ಹೊರಸಿನ ಮೇಲೆ ಗೋಡೆಗೆ ಒರಗಿದ್ದ. ಹೊದಿಕೆಯ ಕೆಳಗೆ ಒಂದು ಪಾದದ ಗುರುತಷ್ಟೇ ಇತ್ತು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಎಂಟನೇ ತಾರೀಕು, ಮಜ್ಜಿಗೆ, ನಮೂನೆ, ಸಭೆ, ಚೀಲದಲ್ಲಿ ಉಳಿದ ಚೀಟಿ. ಬಸ್ಸಿನ ಬಾಗಿಲಲ್ಲಿ ಬೇಗ ಇಳಿಯಿರಿ ಎಂದವಳೂ ನಾನೇ ಎಂಬುದನ್ನೂ ಹೇಳಿದೆ. ಅವನು ಸೂರಿನ ಕಡೆ ನೋಡುತ್ತಾ ಕೇಳಿದ.

ನನ್ನ ಮಾತು ಮುಗಿದ ಮೇಲೆ ಅವನು ಕತ್ತು ತಿರುಗಿಸಿದ್ದು ಹೆಂಡತಿಯ ಕಡೆಗೆ.

"ನೀ ಉಂಡ್ಯೇನಲೇ?" ಎಂದ.

ಜಂಬಕ್ಕ ಬಾಗಿಲ ಚೌಕಟ್ಟು ಹಿಡಿದು ಕುಸಿದು, ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಎದ್ದು ಒಲೆಯ ಹತ್ತಿರ ಹೋಗಿ ಎರಡು ತಾಟು ತಂದಳು. ಒಂದನ್ನು ಅವನ ಮುಂದಿಟ್ಟಳು, ಒಂದನ್ನು ತಾನು ಹಿಡಿದು ಹೊರಸಿನ ಕಾಲಿಗೆ ಒರಗಿ ಕೂತಳು. ಇಬ್ಬರೂ ಉಣ್ಣತೊಡಗಿದರು.

ನನ್ನನ್ನು ಯಾರೂ ಬೈಯಲಿಲ್ಲ. ಕೂಡು ಎಂದೂ ಅನ್ನಲಿಲ್ಲ. ಅವರು ಉಂಡು ಮುಗಿಸುವ ತನಕ ನಿಂತಿದ್ದು, ಬಂದೆ.